ಪೆಟ್ರೋನಾ ‘ಒಳಗೆ ಬನ್ನಿ’ ಅಂದದ್ದು

ಅಮೆರಿಕದ ನ್ಯೂ ಬೆಡ್‌ಫರ್ಡ್‌ನ ಮೀನು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮಂಜುಗಡ್ಡೆಯ ನಡುವೆ ಮೀನು ಸೀಳಿದ ಪೆಟ್ರೋನಾಳ ಬೆರಳುಗಳಿಗೆ ತಣುಪು ಗೊತ್ತಾಗುತ್ತಿರಲಿಲ್ಲ. ಗಂಡ ಹಸಿಂತೊನನ್ನು ಹಿಡಿದೊಯ್ದ ಮೇಲೆ ಉಳಿದ ಮೈಯೂ ಹಾಗೇ ಆಯಿತು.

ಬೆಳಗಿನ ಆರಕ್ಕೆ ‘ಪೊಲೀಸರು, ಕಳ್ಳನೊಬ್ಬನನ್ನು ಹುಡುಕುತ್ತಿದ್ದೇವೆ’ ಅಂತ ಬಾಗಿಲು ಬಡಿದವರು ವಲಸೆ ಇಲಾಖೆಯವರು. ಕಳ್ಳನೂ ಇರಲಿಲ್ಲ, ನ್ಯಾಯಾಧೀಶರ ಸಹಿಯ ವಾರಂಟೂ ಇರಲಿಲ್ಲ. ಹಸಿಂತೊನನ್ನು ಹಾಸಿಗೆಯಿಂದೆಬ್ಬಿಸಿ ಬರಿಗಾಲಲ್ಲೇ ಒಯ್ದರು, ಎರಡು ತಿಂಗಳಲ್ಲಿ ಗ್ವಾಟೆಮಾಲಾಕ್ಕೆ ಅಟ್ಟಿದರು. ಪೆಟ್ರೋನಾ ಆ ಅಧಿಕಾರಿಗಳ ಮೇಲೆ ದಾವೆ ಹೂಡಿದಳು. ಗೆದ್ದರೂ ಗಂಡ ಬರುವುದಿಲ್ಲ. ಅವರು ಮಾಡಿದ್ದು ತಪ್ಪು ಅಂತ ಕೋರ್ಟು ಒಂದು ಕಾಗದದಲ್ಲಿ ಬರೆದುಕೊಡಬೇಕು; ಅವಳಿಗೆ ಬೇಕಿದ್ದದ್ದು ಅಷ್ಟೇ.

ತೊಡಕೊಂದಿತ್ತು. ಬಾಗಿಲು ತೆರೆದವಳೇ “ಒಳಗೆ ಬನ್ನಿ” ಅಂದುಬಿಟ್ಟಿದ್ದಳು. ಮನೆಯವರೇ ಕರೆದರೆ ವಾರಂಟಿಲ್ಲದೆ ಒಳಹೊಕ್ಕದ್ದೂ ತಪ್ಪಲ್ಲ, ಅನ್ನುತ್ತದೆ ಅಲ್ಲಿನ ಕಾನೂನು. ಅವಳ ಊರಿನವರು ಹೊಸ್ತಿಲಲ್ಲಿ ನಿಂತವರಿಗೆ, ಯಾರೇ ಆಗಲಿ, ಮೊದಲು ಅದನ್ನೇ ಹೇಳುವುದು. ಹೇಳದಿದ್ದರೆ ಮುಖಕ್ಕೆ ಉಗಿದ ಹಾಗೆ.

ಹೇಳಿಕೆ ಕೊಡುವ ದಿನ ನಾದಿನಿ ರುಫೀನಾ ಅವಳ ಜಡೆ ಹೆಣೆಯುತ್ತ ಗದರಿದಳು.

“ಅಂದಿಲ್ಲ ಅಂತ ಹೇಳಿಬಿಡು ಅತ್ತಿಗೆ. ಸಾವು ಬಂದು ಬಾಗಿಲು ತಟ್ಟಿದ್ರೂ ಕುರ್ಚಿ ಹಾಕಿ ಕಾಫಿ ಕೊಡೋಳು ನೀನು.”

“ಅಂದಿದ್ದೀನಲ್ಲೇ.”

“ಪೊಲೀಸ್ರು ಅಂತ ಅವ್ರು ಸುಳ್ಳು ಹೇಳ್ಬೋದು, ನೀನು ಹೇಳ್ಬಾರ್ದಾ?”

ಪೆಟ್ರೋನಾ ಜಡೆಯ ತುದಿಗೆ ತಾನೇ ಗಂಟು ಹಾಕಿಕೊಂಡು ಎದ್ದಳು.

ಸರ್ಕಾರಿ ವಕೀಲ ನಯವಾಗಿಯೇ ಕೇಳಿದ. ದುಭಾಷಿ ಅದನ್ನು ಅವಳ ಭಾಷೆಗೆ ತಿರುಗಿಸಿದ.

“ಒಳಗೆ ಬನ್ನಿ ಅಂದಿರಾ?”

“ಅಂದೆ.”

“ಹಾಗೆ ಹೇಳಿ ಅಂತ ಯಾರಾದರೂ ಬಲವಂತ ಮಾಡಿದರಾ?”

“ಇಲ್ಲ. ಜನ ಬಾಗಿಲಲ್ಲಿ ನಿಂತಿದ್ರು. ನಿಲ್ಲಿಸಿಯೇ ಮಾತಾಡ್ಸೋದು ಹೇಗೆ?”

ಅವಳ ಪರ ವಕೀಲೆ ಕೆಸ್ಲರ್ ಬರೆಯುವುದನ್ನು ನಿಲ್ಲಿಸಿದಳು. ಎದುರಿನವನು ಥ್ಯಾಂಕ್ಸ್ ಹೇಳಿ ಫೈಲು ಮಡಚಿದ.

ಐದು ತಿಂಗಳಿಗೆ ತೀರ್ಪು ಬಂತು. ಮನೆಯಾಕೆಯೇ ಕರೆದಿದ್ದಾಳೆ, ಅಧಿಕಾರಿಗಳದ್ದು ತಪ್ಪಿಲ್ಲ. ಇಪ್ಪತ್ತೆರಡು ಪುಟದ ಆ ಕಾಗದದಲ್ಲಿ, ಸುಳ್ಳು ಹೇಳಿ ಬಾಗಿಲು ತೆರೆಸಿದ್ದಕ್ಕೆ ಸಿಕ್ಕ ಜಾಗ ಒಂದೂವರೆ ಸಾಲು. ವಿನಯವನ್ನು ಒಪ್ಪಿಗೆ ಅಂತ ಓದಿದ ಕೋರ್ಟಿಗೆ, ಮೋಸವನ್ನು ಮೋಸ ಅಂತ ಓದಲು ಬರಲಿಲ್ಲ.

ಭಾನುವಾರ ಹಸಿಂತೊ ಫೋನು ಮಾಡಿದ.

“ಸೋತೆ,” ಅಂದಳು.

“ರುಫೀನಾ ಹೇಳಿದ್ಳು. ಬೈತಿದ್ಳು ನಿನ್ನ.”

“ಬೈಲಿ. ವಕೀಲೆ ಮೇಲಿನ ಕೋರ್ಟಿಗೆ ಹಾಕ್ತಾರಂತೆ. ಸಹಿ ಮಾಡಿದೀನಿ.”

“ಅಲ್ಲೂ ಅದನ್ನೇ ಕೇಳಿದ್ರೆ?”

“ಅಂದೆ ಅಂತಲೇ ಹೇಳ್ತೀನಿ,” ಅಂದಳು ಪೆಟ್ರೋನಾ. “ಊಟ ಆಯ್ತಾ?”