ಗುಂಡಿನ ಸದ್ದಿಗೆ ಹೊರಟ ಸೂಲಗಿತ್ತಿ

ನಾಪೋಕ್ಲಿನ ನಮ್ಮ ಸೂಲಗಿತ್ತಿ ಅಜ್ಜಿ ಯಾರ ಮನೆಯ ಹೊಸ್ತಿಲು ದಾಟುವಾಗಲೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನಾನು ಬಂದಾಯ್ತಲ್ಲ, ಇನ್ನೆಂಥದು?" ಅನ್ನುತ್ತಿದ್ದಳು. ಆ ಮಾತಿಗೇ ಮನೆಯವರ ಅರ್ಧ ಹೆದರಿಕೆ ಇಳಿಯುತ್ತಿತ್ತು.

ಕಲ್ಲಿಕೋಟೆಯಲ್ಲಿದ್ದ ನನ್ನ ತಂಗಿಯ ಚೊಚ್ಚಲ ಹೆರಿಗೆಗೆ ಅವಳನ್ನು ಕರೆದೊಯ್ಯುತ್ತಿದ್ದೆ. ಮಂಗಳೂರಿನಲ್ಲಿ ನನ್ನ ಕೆಲಸ ಮುಗಿಸಿ ಹಡಗು ಹತ್ತಿದೆವು. ಕಣ್ಣಾನೂರಿನ ಕೋಟೆಯೆದುರು ಹಡಗು ಸ್ವಲ್ಪ ಹೊತ್ತು ನಿಂತಿತು. ನೆಲ ಮೆಟ್ಟಲೇಬೇಕೆಂದು ಅಜ್ಜಿ ಹಠ ಹಿಡಿದಳು. ದೋಣಿಯಲ್ಲಿ ದಡಕ್ಕೆ ಹೋಗಿ ಮರಳಿನ ಮೇಲೆ ಅಡ್ಡಾಡುತ್ತಿರುವಾಗ ಕೋಟೆಯಿಂದ ಢಂ ಎಂದು ಒಂದೇ ಒಂದು ಗುಂಡು ಹಾರಿತು.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ವಾಡಿಕೆ. ನಾನು ತಿರುಗಿ ನೋಡುವಷ್ಟರಲ್ಲಿ ಅಜ್ಜಿ ಸೆರಗು ಸಿಕ್ಕಿಸಿಯಾಗಿತ್ತು.

"ಅಜ್ಜೀ, ದೋಣಿ ಹೊರಡ್ತದೆ! ಅಲ್ಲಿ ತಂಗಿ ಕಾಯ್ತಾ ಇದ್ದಾಳೆ."

"ಬಾಣಂತಿ ಮುಖ ನೋಡದೆ ಹೋಗ್ಲಿಕ್ಕೆ ಆಗ್ತದಾ, ಮಗಾ?" ಎಂದವಳೇ ಕೋಟೆಯ ಬಾಗಿಲಿಗೆ ನಡೆದಳು.

"ನಾನು ಬಂದಾಯ್ತಲ್ಲ, ಇನ್ನೆಂಥದು? ಕೂಸು ಎಲ್ಲುಂಟು?" ಎಂದು ಕಾವಲಿನ ಸಿಪಾಯಿಯನ್ನು ಕೇಳಿದಳು. ಅವನು ತಬ್ಬಿಬ್ಬಾದ. ಅದು ಮಧ್ಯಾಹ್ನವಾಯಿತೆಂದು ಊರಿಗೆ ತಿಳಿಸುವ ಗುಂಡು, ದಿನಾ ಹಾರಿಸುತ್ತೇವೆ ಎಂದ. ನಾನು ಅಜ್ಜಿಯ ಕೈ ಹಿಡಿದು ಓಡಿದೆ. ಕೊನೆಯ ದೋಣಿ ಹೇಗೋ ಸಿಕ್ಕಿತು.

ದೋಣಿಯಲ್ಲಿ ಅವಳು ಕೋಟೆಯನ್ನೇ ನೋಡುತ್ತಾ ಕೂತಿದ್ದಳು. ತಾನು ತಪ್ಪಿದೆನೆಂಬ ನಾಚಿಕೆ ಆ ಮುಖದಲ್ಲಿ ಚೂರೂ ಇರಲಿಲ್ಲ.

"ಪಾಪ," ಅಂದಳು, "ಅಷ್ಟು ದೊಡ್ಡ ಮನೆ. ದಿನಾ ಗುಂಡು ಹಾರಿಸ್ತಾರಂತೆ. ತೊಟ್ಟಿಲು ಮಾತ್ರ ಒಂದೂ ಇಲ್ಲ."