ಪಿಟ್‌ನಲ್ಲಿ ಬಿದ್ದ ಕಡಲೆಕಾಯಿ ಸಿಪ್ಪೆ

ಕವರ್ ಬಿಚ್ಚಿ ನಾಲ್ಕು ಕಡಲೆಕಾಯಿ ಸುಲಿದಿದ್ದೆ ಅಷ್ಟೆ. ಫ್ರಾಂಕ್ ಅಂಕಲ್ ಹಾವು ಕಂಡವರ ಹಾಗೆ ಹಿಂದಕ್ಕೆ ಹಾರಿದರು.

"ನೋ, ನೋ! ನಾಟ್ ಇನ್ ದ ಪಿಟ್!"

ಪಿಟ್ ಅಂದರೆ ರೇಸಿಗೆ ಮುಂಚೆ ಕಾರು ನಿಲ್ಲಿಸಿ ನಟ್ಟು ಬೋಲ್ಟು ಬಿಗಿ ಮಾಡುವ ಜಾಗ. ಮೊನ್ನೆ ಶನಿವಾರ ಮಧ್ಯಾಹ್ನ, ನಮ್ಮೂರು ಮನ್ರೋದಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಟ್ರ್ಯಾಕಿಗೆ ಹೋಗಿದ್ದೆ. ಹದಿನೇಳು ವರ್ಷದ ನನ್ನ ಮಗಳು ಸಿಂಧು ಅವತ್ತು ಮೊದಲ ಸಲ ರೇಸ್ ಓಡಿಸುವವಳಿದ್ದಳು.

ಸ್ಟಾಕ್ ಕಾರ್ ರೇಸ್ ಅಂತಾರೆ. ನಾವು ತರಕಾರಿ ತರಲು ಹೋಗುವಂಥ ಕಾರೇ. ಒಳಗಿರುವುದನ್ನೆಲ್ಲ ಕಿತ್ತು, ಕಬ್ಬಿಣದ ಪೈಪಿನ ಪಂಜರ ಕಟ್ಟಿ, ಸುತ್ತು ಸುತ್ತು ಓಡಿಸುತ್ತಾರೆ.

ಪಂಜರ ಯಾಕೆ ಅಂತ ಕೇಳಿ ತಿಳಿದುಕೊಂಡ ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ...

ಫ್ರಾಂಕ್ ಅಂಕಲ್ ನಮ್ಮ ಎದುರು ಮನೆಯವರು, ವಯಸ್ಸು ಎಂಬತ್ತರ ಹತ್ತಿರ. ಅವರ ಮೊಮ್ಮಗಳು ಜೆನ್ನಿ ಮತ್ತು ಸಿಂಧು ಒಂದೇ ಕ್ಲಾಸ್. ಇಬ್ಬರೂ ಬೇಸ್‌ಮೆಂಟಿನಲ್ಲಿ ಕಂಪ್ಯೂಟರಿಗೆ ಸ್ಟೀರಿಂಗ್ ಸಿಕ್ಕಿಸಿಕೊಂಡು ಆಟ ಆಡುತ್ತಿದ್ದರು. ಆಟ ತಾನೇ ಅಂತ ನಾನೂ ಸುಮ್ಮನಿದ್ದೆ. ಅದು ಹೀಗೆ ಫ್ರಾಂಕ್ ಅಂಕಲ್ ಸಿದ್ಧ ಮಾಡಿಕೊಡುವ ನಿಜವಾದ ಕಾರಿನವರೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕಂತೆ. ಈ ಒಂದು ರೇಸಿಗೆ ಮಾತ್ರ ಹಾಕಿಕೊಟ್ಟಿದ್ದೆ. ಇಡೀ ಸೀಸನ್ನಿನ ಫಾರಂ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು. ಯಜಮಾನರ ಸಹಿ ಇತ್ತು, ನನ್ನ ಜಾಗ ಖಾಲಿ. ಮೊದಲು ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದಿದ್ದೆ.

ಯಜಮಾನರಿಗೆ ಅವತ್ತೇ ಡ್ಯೂಟಿ. ನಾನೊಬ್ಬಳೇ ಹೋದೆ. ಎಲ್ಲಿಗೆ ಹೊರಟರೂ ನಮ್ಮ ಮನೆಯಲ್ಲಿ ಹುರಿದ ಕಡಲೆಕಾಯಿ ಜೊತೆಗಿರಲೇಬೇಕು. ಫ್ಲಶಿಂಗ್‌ನಲ್ಲಿರುವ ದೇವಸ್ಥಾನಕ್ಕೆ ಹೋದರೂ ಅಷ್ಟೇ. ಅದೇ ಅಭ್ಯಾಸದಲ್ಲಿ ಕಟ್ಟಿಕೊಂಡಿದ್ದೆ.

ಜೆನ್ನಿ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ವಿಷಯ ಹೇಳಿದಳು. ಪಿಟ್‌ನಲ್ಲಿ ಕಡಲೆಕಾಯಿ ಸಿಪ್ಪೆ ಬಿದ್ದರೆ ಆ ಕಾರು ಗುದ್ದಿಕೊಳ್ಳುತ್ತದೆ ಅಂತ ಹಳಬರ ನಂಬಿಕೆಯಂತೆ.

ಸಿಪ್ಪೆ ಬಿದ್ದಿದ್ದು ಸರಿಯಾಗಿ ಮಗಳ ಕಾರಿನ ಟೈರ್ ಪಕ್ಕದಲ್ಲೇ.

"ಅಮ್ಮಾ, ಇಟ್ಸ್ ಜಸ್ಟ್ ಪೀನಟ್ಸ್! ನಿನ್ ಬೆಕ್ಕು ಅಡ್ಡ ಬಂದಂಗೇ ಇದೂನೂ. ನೀನೂ ಫ್ರಾಂಕೂ ಸೇಮ್ ಟೀಮ್," ಅಂತ ಸಿಂಧು ನಗುತ್ತಾ ಗ್ಲೌಸ್ ಹಾಕಿಕೊಂಡಳು.

"ಬಾಯ್ಮುಚ್ಚೇ, ಹೊರಡೋ ಹೊತ್ತಲ್ಲಿ!" ಅಂದೆ. ಮಂಡಿಯೂರಿ ಒಂದೊಂದೇ ಸಿಪ್ಪೆ ಹೆಕ್ಕತೊಡಗಿದೆ. ಸೊಂಟ ಹಿಡಿದುಕೊಂಡು ಫ್ರಾಂಕ್ ಅಂಕಲ್ ಕೂಡ ಕೆಳಗೆ ಕೂತರು.

ನಾನು ಓದಿದ್ದು ಒಂಬತ್ತನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಅವರ ಇಂಗ್ಲಿಷ್ ಅರ್ಧ ತಿಳಿಯುತ್ತದೆ, ಅರ್ಧ ಊಹೆ. ಹೆಕ್ಕುತ್ತಲೇ ಅವರು ಹೇಳಿದರು...

ಅವರ ಅಪ್ಪ ವಾರವೆಲ್ಲ ಕೆಲಸಕ್ಕೆ ಹೋಗುತ್ತಿದ್ದ ಕಾರಿಗೇ ಶನಿವಾರ ನಂಬರ್ ಬರೆದು ರೇಸ್ ಓಡಿಸುತ್ತಿದ್ದರಂತೆ. ರೇಸ್ ಮುಗಿದ ಮೇಲೆ ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮನೆಗೆ. ನೋಡುವವರಲ್ಲೂ ಪಂಗಡ. ಒಂದು ಕಂಪನಿ ಕಾರಿನವರು ಇನ್ನೊಂದು ಕಂಪನಿಯವರ ಪಕ್ಕ ಕೂರುತ್ತಿರಲಿಲ್ಲ. ಫ್ರಾಂಕ್ ಅಂಕಲ್ ಮದುವೆಯಾಗಿದ್ದು ಬೇರೆ ಕಂಪನಿಯವರ ಮನೆ ಹುಡುಗಿಯನ್ನು, ಮಾವ ಎರಡು ವರ್ಷ ಮಾತಾಡಿಸಲಿಲ್ಲವಂತೆ!

ಈಗ ಕಾರು ಯಾವುದು ಅಂತ ಕೇಳುವವರೇ ಇಲ್ಲ. ಎದುರಿಗೇ ಕಾರು ಹೋಗುತ್ತಿದ್ದರೂ ಅದನ್ನೇ ಫೋನಿನಲ್ಲಿ ನೋಡುತ್ತಾರೆ ಅಂತ ಬೇಜಾರು ಮಾಡಿಕೊಂಡರು.

ಆಗ ಮೂರು ಅಪಶಕುನ ಇದ್ದವಂತೆ. ಕಡಲೆಕಾಯಿ, ಹಸಿರು ಬಣ್ಣ, ಆಮೇಲೆ ಹೆಂಗಸರು. ಹೆಂಗಸರನ್ನು ಪಿಟ್ ಒಳಗೇ ಬಿಡುತ್ತಿರಲಿಲ್ಲವಂತೆ.

ನಾನು ಸಿಂಧು ಕಡೆ ನೋಡಿದೆ. ಅವರೂ ನೋಡಿದರು. "ಎರಡು ಬಿಟ್ಟೆ," ಅಂತ ಕೈಯಲ್ಲಿದ್ದ ಸಿಪ್ಪೆ ತೋರಿಸಿದರು. "ಇದೊಂದು ಬಿಡೋಕೆ ಆಗ್ತಿಲ್ಲ."

ನೋಡುವವರು ಕೂರುವ ಸ್ಟ್ಯಾಂಡ್ಸಿಗೆ ಬಂದು ಕೂತೆ. ಸಿಂಧುವೇ ನೋಡಿಟ್ಟ ಸೀಟು, ಎರಡನೇ ಸಾಲಿನ ತುದಿ. ಕೂತವಳು ಏಳುವುದು, ಎದ್ದವಳು ಕೂರುವುದು. ಚಳಿಗೆ ಜಾಕೆಟ್ ಜೇಬಿಗೆ ಕೈ ಹಾಕಿದರೆ... ಒಂದು ಸಿಪ್ಪೆ!

ಇಲ್ಲೇ ಎಸೆಯಲೇ? ಟ್ರ್ಯಾಕ್ ಹತ್ತಿರ ಬೇಡ. ಕಸದ ಡಬ್ಬಿಗೆ? ಅದೂ ಗೇಟಿನ ಒಳಗೇ ಇದೆ. ಎದ್ದು ಪಾರ್ಕಿಂಗ್ ಲಾಟ್ ದಾಟಿ, ಮೇನ್ ರೋಡಿನವರೆಗೆ ಓಡಿದೆ. ಅಷ್ಟರಲ್ಲಿ ಹಿಂದೆ ರೇಸ್ ಶುರುವಾಗಿಬಿಟ್ಟಿತ್ತು. ಎಸೆದೆ. ಉಸಿರು ಬಿಟ್ಟೆ.

ಆಗಲೇ ಹಿಂದಿನಿಂದ ಟೈರ್ ಕಿರುಚಿದ ಸದ್ದು. ಆಮೇಲೆ ಇಂಜಿನ್ನುಗಳ ಸದ್ದೆಲ್ಲ ಒಟ್ಟಿಗೇ ಇಳಿಯಿತು.

ಹೇಗೆ ಓಡಿ ಬಂದೆನೋ ಗೊತ್ತಿಲ್ಲ. ಹಳದಿ ಬಾವುಟ, ಅಂದರೆ ಅಪಾಯ, ಎಲ್ಲರೂ ನಿಧಾನಿಸಿ ಅಂತ. ನಮ್ಮ ಬಿಳಿ ಕಾರು ತಿರುಗಿ ಹಿಂದುಮುಂದಾಗಿ ನಿಂತಿದೆ. ಬಾಯಲ್ಲಿ ದೇವರ ಹೆಸರೂ ಬರುತ್ತಿಲ್ಲ.

ಕಾರು ಅಲುಗಿತು. ನಿಧಾನಕ್ಕೆ ತಿರುಗಿತು. ಮತ್ತೆ ಓಡಿತು.

ಕೊನೆಯಿಂದ ಎರಡನೆಯವಳಾಗಿ ಬಂದಳು. ಹೆಲ್ಮೆಟ್ ತೆಗೆದ ಮುಖ ಕೆಂಪಗೆ, ಕಣ್ಣು ಹೊಳೆಯುತ್ತಿತ್ತು. ಒಂದು ಗೀರೂ ಇಲ್ಲ. ಮುಟ್ಟಿ ಮುಟ್ಟಿ ನೋಡಿದೆ.

"ಮೂರು ಕಾರ್ ಪಾಸ್ ಮಾಡ್ದೆ, ಡಿಡ್ ಯೂ ಸೀ?"

ನಾನು ಅವಳ ಹೆಲ್ಮೆಟ್ ಕೈಗೆ ತೆಗೆದುಕೊಂಡೆ.

"ಸ್ಟಾರ್ಟಿಗೆ ಮುಂಚೆ ಸ್ಲೋ ಆಗಿ ಒಂದ್ ರೌಂಡ್ ಬರ್ತೀವಲ್ಲ, ಆಗ ನಿಂಗೆ ವೇವ್ ಮಾಡ್ದೆ ಅಮ್ಮ. ಸೀಟ್ ಖಾಲಿ ಇತ್ತು."

ಮನೆಗೆ ಬರುವ ದಾರಿಯುದ್ದಕ್ಕೂ ಕಾರು ತಿರುಗಿ ನಿಂತಿದ್ದಕ್ಕಿಂತ, ಅವಳು ಖಾಲಿ ಸೀಟಿಗೆ ಕೈ ಬೀಸಿದ್ದೇ ಕಣ್ಣಿಗೆ ಕಟ್ಟುತ್ತಿತ್ತು.

ಭಾನುವಾರ ಬೆಳಿಗ್ಗೆ ಕಾಫಿಗೆ ಹಾಲು ತೆಗೆಯುವಾಗ ಫಾರಂಗೆ ಸಹಿ ಹಾಕಿದೆ. ಧೈರ್ಯ ಬಂತು ಅಂತಲ್ಲ. ಸಹಿ ಕೂಡ ಸೊಟ್ಟಗಾಗಿದೆ.

ಇನ್ನೆರಡು ವಾರಕ್ಕೆ ಮುಂದಿನ ರೇಸ್. ಕಡಲೆಕಾಯಿಯಂತೂ ಒಯ್ಯಲ್ಲ... ಆದರೆ ಮೊದಲಿಂದ ಕೊನೆಯವರೆಗೆ ಸೀಟು ಬಿಟ್ಟು ಏಳದೆ ಕೂರುವುದು ಹೇಗೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?