ಕಚೇರಿಯಲ್ಲಿ ಬೆಳೆದ ಬದನೆಕಾಯಿ

ಒಲೆಯ ಮೇಲೆ ಎಣ್ಣೆಗಾಯಿ ಬೇಯುವ ವಾಸನೆ ಬಂದರೆ ಉಳಿದವರಿಗೆ ಹಸಿವಾಗುತ್ತದೆ, ನನಗೆ ನಗು ಬರುತ್ತದೆ. ಮೊನ್ನೆಯೂ ನಕ್ಕೆ. "ಮತ್ತ ಅದ ಕಥಿ ಏನ್ರಿ?" ಎಂದಳು ಹೆಂಡತಿ. ನೀವು ಕೇಳಿಲ್ಲವಲ್ಲ, ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ನಾನು ಪುಣೆಯಲ್ಲಿ ಕಾಕಾನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಓದಿಗಿಂತ ಹೆಚ್ಚಾಗಿ ಕಾಕಾನ ಹೆಂಡತಿ ಕಾಕುವಿನ ಅಡುಗೆ ಉಣ್ಣುತ್ತಿದ್ದೆ. ಧಾರವಾಡದಿಂದ ಬಂದಿದ್ದ ಕಾಕಾ ಸರಕಾರಿ ಕೃಷಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಧಾನ್ಯದ ಕೊರತೆ ಬಿದ್ದಾಗ ಹೊಸ ನೀತಿ ಬಂತು: ಪ್ರತಿ ಕಚೇರಿಯೂ ಹುಲ್ಲುಹಾಸು ಅಗೆದು ತರಕಾರಿ ಬೆಳೆಯಬೇಕು. ಗುಮಾಸ್ತರು ಗುದ್ದಲಿ ಹಿಡಿದರು. ಊರಿಗೆ ಒಂದು ಹೊತ್ತು ನೀರು, ಕಚೇರಿಯ ಬದನೆಗೆ ಎರಡು ಹೊತ್ತು. ಕೊಂಢವಾ ಕಡೆಯ ರೈತರ ಬೀಜದ ಅರ್ಜಿಗಳು ಮೇಜಿನ ಮೇಲೆಯೇ ಮೊಳಕೆಯೊಡೆಯುವಷ್ಟು ಕಾಲ ಮಲಗಿದವು.

ಸಾಹೇಬರು ಬೆಳೆ ನೋಡಲು ಬರುವ ದಿನ ಬಂತು. ಗಿಡದ ತುಂಬ ಎಲೆ, ಕಾಯಿ ಮಾತ್ರ ಇಲ್ಲ. ಸರಕಾರದ ಆಜ್ಞೆಯನ್ನು ಗಿಡಗಳಿಗೆ ಯಾರೂ ಓದಿ ಹೇಳಿರಲಿಲ್ಲ.

ಅದೇ ಬೆಳಿಗ್ಗೆ ಕಾಕುವಿನ ಬಸುರಿ ಮಗಳು ಶಾಂತಕ್ಕ, ಉಂಡದ್ದೆಲ್ಲ ವಾಂತಿಯಾಗಿ ಸೊರಗಿದವಳು, ಎಣ್ಣೆಗಾಯಿ ಬೇಕೆಂದಳು. ಕಾಕುವಿನ ಹಿಂದೆ ಚೀಲ ಹಿಡಿದು ನಾನೂ ಮಂಡಯಿಗೆ ಹೋದೆ. ಇಡೀ ಮಾರುಕಟ್ಟೆಯಲ್ಲಿ ಒಂದು ಬದನೆಕಾಯಿ ಇಲ್ಲ. "ಸಗಳೀ ವಾಂಗೀ ಕಚೇರೀತ ಗೇಲೀ, ಬಾಯಿ" ಎಂದಳು ಮಾರುವವಳು. ಬದನೆಯೆಲ್ಲ ಕಚೇರಿಗೆ ಹೋಗಿತ್ತು!

ನಾವೂ ಹೋದೆವು. ಗಿಡಗಿಡಕ್ಕೂ ಬಿಳಿ ದಾರ ಕಟ್ಟಿ ಬದನೆಕಾಯಿ ತೂಗುಬಿಟ್ಟಿದ್ದರು. ಕಾಕು ಕಿತ್ತು ಚೀಲಕ್ಕೆ ಹಾಕತೊಡಗಿದಳು.

"ಏ, ಏನ್ ಮಾಡ್ತಿ? ಅದು ಸರಕಾರದ ಬೆಳಿ!" ಕಾಕಾ ಓಡಿಬಂದ.

"ಮನ್ಯಾಗ ಬಸರಿ ಮಗಳು ಒಂದ ತುತ್ತಿಗೆ ಹಂಬಲಸಾಕತ್ಯಾಳ, ನೀವಿಲ್ಲಿ ಗಿಡಕ್ಕ ಸೀಮಂತ ಮಾಡಾಕತ್ತೀರೇನ್ರಿ?"

ಅಷ್ಟರಲ್ಲಿ ಸಾಹೇಬರು ಎದುರಿಗೇ ನಿಂತಿದ್ದರು. ಕಾಕುವಿನ ಕೈಯ ಕಾಯಿಯಿಂದ ದಾರ ಇಳಿಬಿದ್ದಿತ್ತು. ಇದೇನೆಂದು ಕೇಳಿದರು. ಕಾಕಾನ ಮುಖ ಸುಣ್ಣ ಬಳಿದಂತಾಯಿತು.

"ಕಾಯಿ ಭಾಳ ಭಾರ ಆಗ್ಯಾವ್ರಿ. ಟೊಂಗಿ ಮುರೀಬಾರದಂತ ಕಟ್ಟೀವಿ" ಎಂದಳು ಕಾಕು.

ಸಾಹೇಬರು ಹಿಗ್ಗಿ, ತಾವೇ ಒಂದೆರಡು ಕಿತ್ತು ಕಾಕುವಿನ ಚೀಲಕ್ಕೆ ಹಾಕಿದರು. ಸ್ವಲ್ಪ ದಿನಕ್ಕೆ ಎಲ್ಲ ಕಚೇರಿಗಳೂ ಗಿಡಗಳಿಗೆ ದಾರ ಕಟ್ಟತಕ್ಕದ್ದೆಂದು ಆಜ್ಞೆಯಾಯಿತು. ಕಾಕಾನಿಗೆ ಬಡ್ತಿ. ಶಾಂತಕ್ಕ ಆವತ್ತು ಹೊಟ್ಟೆತುಂಬ ಉಂಡಳು. ರೈತರ ಅರ್ಜಿಗಳೂ ಮಂಜೂರಾದವು, ಬಿತ್ತನೆಯ ಹಂಗಾಮು ಮುಗಿದ ಮೇಲೆ.

ಎಷ್ಟೋ ಪಂಕ್ತಿಗಳಲ್ಲಿ ಈ ಕತೆ ಹೇಳಿ ಜನರನ್ನು ನಗಿಸಿದ್ದೇನೆ. ಮೊನ್ನೆ ಹೆಂಡತಿ ಬಡಿಸುತ್ತ ಕೇಳಿದಳು: "ಆ ವರ್ಷ ಆ ರೈತರು ಏನ್ ಬಿತ್ತಿದ್ರು?"

ಯಾರೂ ಅದನ್ನು ಕೇಳಿರಲಿಲ್ಲ. "ಗೊತ್ತಿಲ್ಲ" ಎಂದೆ. ತಟ್ಟೆಯಲ್ಲಿದ್ದ ಎಣ್ಣೆಗಾಯಿಯನ್ನು ಅಂಚಿಗೆ ಸರಿಸಿದೆ.